ಸುರಂಗದ ನೀರು, ಮೈಲುತುತ್ತು ಮತ್ತು ತೊಟ್ಟಿಯ ನರ್ತೆಗಳು

ನಮ್ಮ ಮನೆಯ ಜಗಲಿಯಲ್ಲಿ ಸುಮಾರು 100 ಲೀಟರ್ ನೀರು ಹಿಡಿಯುವ, ಮೂರು ಅಡಿ ಉದ್ದದ ಗಾಜಿನ ಮೀನುತೊಟ್ಟಿಯೊಂದಿದೆ. ಅದರಲ್ಲಿ ನಿಯಾನ್ ಟೆಟ್ರಾ, ರಾಸ್ಬೋರಾ ಮೀನುಗಳೊಂದಿಗೆ ಕೆಲವು ಕೆಂಪು ಚೆರ್ರಿ ಸಿಗಡಿಗಳಿವೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಅನೇಕ ಹಳೆಯ ಅಡಿಕೆ ತೋಟಗಳಲ್ಲಿರುವಂತೆ ನಮ್ಮಲ್ಲಿಯೂ ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದ ಸುರಂಗದಿಂದಲೇ ಮನೆಗೆ ನೀರು ಬರುತ್ತದೆ, ತೊಟ್ಟಿಗೂ ಅದೇ ನೀರು. ಅದು ಸುಣ್ಣದ ಅಂಶ ತೀರಾ ಕಡಿಮೆಯಿರುವ, ತುಸು ಆಮ್ಲೀಯವಾದ ಮೆದು ನೀರು. ಈ ಒಂದು ಸಂಗತಿಯನ್ನು ಲಕ್ಷಿಸದೆ ನಾನು ಎರಡು ವರ್ಷಗಳ ಹಿಂದೆ ಮಾಡಿದ ತಪ್ಪು ಈಗಲೂ ಮನಸ್ಸನ್ನು ಚುಚ್ಚುತ್ತದೆ.

ಆಗ ಪಕ್ಕದ ತೋಟದ ಕೆರೆಯಿಂದ ತಂದ ಜಲಸಸ್ಯವನ್ನು ಬರಿದೇ ನೀರಿನಲ್ಲಿ ಜಾಲಿಸಿ ತೊಟ್ಟಿಯಲ್ಲಿ ನೆಟ್ಟಿದ್ದೆ. ಎಲೆಯ ಅಡಿಯಲ್ಲಿ ಅಂಟಿಕೊಂಡಿದ್ದ, ಅಂಟಿನ ಹನಿಯಂತೆ ಪಾರದರ್ಶಕವಾದ ಮೊಟ್ಟೆಯ ಮುದ್ದೆಗಳು ಕಣ್ಣಿಗೆ ಬಿದ್ದಿರಲಿಲ್ಲ. ಎರಡು ತಿಂಗಳೊಳಗೆ ಗಾಜಿನ ತುಂಬ ನರ್ತೆಗಳಾದವು. ಈ ಸಣ್ಣ ಬಸವನಹುಳಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಒಂದೇ ದೇಹದಲ್ಲಿ ಎರಡೂ ಇರುತ್ತವೆ, ಜೊತೆ ಸಿಗದಿದ್ದರೆ ಒಂಟಿಯಾಗಿಯೇ ಸಂತಾನ ಬೆಳೆಸಬಲ್ಲವು. ಆದುದರಿಂದ ಒಂದು ಉಳಿದರೂ ಸಾಕು. ಗಾಬರಿಗೊಂಡ ನಾನು ಪೇಟೆಯಿಂದ ನರ್ತೆಯ ಮದ್ದು ತಂದು ಸುರಿದೆ. ಮರುದಿನಕ್ಕೆ ಸಿಗಡಿಗಳೆಲ್ಲ ಸತ್ತಿದ್ದವು. ಜಲ್ಲಿಯ ನಡುವೆ ಸತ್ತು ಕೊಳೆಯತೊಡಗಿದ ನೂರಾರು ನರ್ತೆಗಳಿಂದ ನೀರು ಹಾಲಿನಂತೆ ಬೆಳ್ಳಗಾಗಿ, ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಹೀರಿಕೊಂಡವು. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದುದನ್ನು ನೋಡುತ್ತ ರಾತ್ರಿಯಿಡೀ ನೀರು ಬದಲಿಸಿದರೂ ಏಳು ಮೀನು ಸತ್ತವು. ಬಾಟಲಿಯ ಚೀಟಿಯನ್ನು ಓದಿದ್ದು ಆಮೇಲೆ. ಮದ್ದಿನ ಮುಖ್ಯ ವಸ್ತು ತಾಮ್ರವಾಗಿತ್ತು.

ಈ ವರ್ಷ ನರ್ತೆಗಳು ಮತ್ತೆ ಹೆಚ್ಚಿದಾಗ ತೋಟಕ್ಕೆ ಮದ್ದು ಬಿಡುವ ಸಮಯ. ಮನೆಗೆ ಬಂದಿದ್ದ ಭಾವ ತೊಟ್ಟಿ ನೋಡಿ, "ಭಾವಾ, ಶೆಡ್ಡಿನಲ್ಲಿ ಮೈಲುತುತ್ತು ಉಂಟಲ್ಲ, ಒಂದು ಚಿಟಿಕೆ ಹಾಕಿದರೆ ಒಂದೂ ಉಳಿಯಲಿಕ್ಕಿಲ್ಲ" ಎಂದರು. ನಮ್ಮ ಊರಿನಲ್ಲಿ ಈ ಸಲಹೆ ಅವರೊಬ್ಬರದ್ದಲ್ಲವಾದ್ದರಿಂದ ವಿವರವಾಗಿ ಬರೆಯುತ್ತೇನೆ. ಮೈಲುತುತ್ತೆಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತಿನ ಜೊತೆಗೆ 1 ಕಿಲೋ ಸುಣ್ಣವನ್ನೂ ಸೇರಿಸುತ್ತೇವೆ. ಸುಣ್ಣ ಕಡಿಮೆಯಾದರೆ ಅದರೊಂದಿಗೆ ಸೇರದೆ ಉಳಿದ ತಾಮ್ರ ಅಡಿಕೆಯನ್ನೂ ಎಲೆಯನ್ನೂ ಸುಡುತ್ತದೆಂದು ತೋಟದವರೆಲ್ಲರಿಗೂ ತಿಳಿದಿದೆ. ತೊಟ್ಟಿಯಲ್ಲಿಯೂ ಹೆಚ್ಚುಕಡಿಮೆ ಇದೇ ನಡೆಯುತ್ತದೆ. ಗಡಸು ನೀರಿನಲ್ಲಿ ತಾಮ್ರದ ಒಂದು ಪಾಲು ಕಾರ್ಬೊನೇಟಿನೊಂದಿಗೆ ಸೇರಿಕೊಂಡು ನಿಷ್ಕ್ರಿಯವಾಗುತ್ತದೆ, ನೀರಿನ ಕ್ಯಾಲ್ಸಿಯಂ ಕೂಡ ಅದು ಕಿವಿರುಗಳಿಗೆ ಅಂಟುವುದನ್ನು ತಡೆಯುತ್ತದೆ. ಸುರಂಗದ ಮೆದು ನೀರಿನಲ್ಲಿ ಈ ಎರಡು ರಕ್ಷಣೆಗಳೂ ಇಲ್ಲದಿರುವುದರಿಂದ ಬೇರೆ ಊರಿನ ತೊಟ್ಟಿ ತಾಳಿಕೊಂಡ ಪ್ರಮಾಣವೇ ನಮ್ಮಲ್ಲಿ ಮೀನಿಗೆ ವಿಷವಾಗುತ್ತದೆ. ಸಿಗಡಿಗಳಂತೂ ಯಾವ ನೀರಿನಲ್ಲಿಯೂ ತಾಮ್ರವನ್ನು ತಾಳುವುದಿಲ್ಲ. ಭಾವ ಇದನ್ನು ಕೇಳಿ, ಸುಣ್ಣದ ಮಾತು ಬಂದೊಡನೆಯೇ ಒಪ್ಪಿದರು.

ಈ ಬಾರಿ ನಾನು ಮಾಡಿದ್ದು ಬಹಳ ನಿಧಾನದ ಕೆಲಸ. ನರ್ತೆಗಳು ಬದುಕುವುದು ಮುಖ್ಯವಾಗಿ ಮೀನು ತಿಂದು ಉಳಿದ ಆಹಾರ, ಕೊಳೆತ ಎಲೆ ಮತ್ತು ಪಾಚಿಯ ಮೇಲೆ. ಆರೋಗ್ಯವಾಗಿರುವ ಗಿಡವನ್ನು ಅವು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮನೆಯ ಮಕ್ಕಳು ಹೊತ್ತು ಹೊತ್ತಿಗೆ ಹಾಕುತ್ತಿದ್ದ ಆಹಾರವನ್ನು ದಿನಕ್ಕೊಮ್ಮೆ, ಎರಡು ನಿಮಿಷದೊಳಗೆ ಮುಗಿಯುವಷ್ಟಕ್ಕೆ ಇಳಿಸಿ, ವಾರಕ್ಕೊಂದು ದಿನ ಉಪವಾಸವಿಟ್ಟೆ. ರಾತ್ರಿ ದೀಪ ಆರಿಸುವಾಗ ಬೇಯಿಸಿದ ಮುಳ್ಳುಸೌತೆಯ ಹೋಳೊಂದನ್ನು ತಟ್ಟೆಯಲ್ಲಿಟ್ಟು ಮುಳುಗಿಸಿ, ಬೆಳಗ್ಗೆ ಅದಕ್ಕೆ ಮುತ್ತಿದ ನರ್ತೆಗಳನ್ನು ಹೋಳಿನ ಸಮೇತ ತೆಗೆಯುತ್ತಿದ್ದೆ. ಮೊದಲ ದಿನ 64 ಸಿಕ್ಕವು, ಐದನೆಯ ವಾರದಲ್ಲಿ ದಿನಕ್ಕೆ ನಾಲ್ಕೈದು. ತೆಗೆದವನ್ನು ತೋಡಿಗೆ ಬಿಡದೆ, ಜಜ್ಜಿ ಅಡಿಕೆ ಮರದ ಬುಡದಲ್ಲಿ ಹೂಳಿದೆ. ತೊಟ್ಟಿಯ ಜೀವಿಗಳನ್ನು ಹರಿಯುವ ನೀರಿಗೆ ಬಿಡುವುದು ದೊಡ್ಡ ಅಪರಾಧವೆಂದೇ ನನ್ನ ಭಾವನೆ.

ನರ್ತೆ ತಿನ್ನುವ ಬಟಾಣಿ ಪಫರ್ ಮೀನನ್ನು ತನ್ನಿರೆಂದು ಕೆಲವರು ಹೇಳುತ್ತಾರೆ. ಪಶ್ಚಿಮ ಘಟ್ಟದ ನದಿಗಳದ್ದೇ ಆದ ಆ ಪುಟ್ಟ ಮೀನು ನರ್ತೆಯನ್ನು ತಿನ್ನುವುದು ನಿಜ, ಆದರೆ ಇತರ ಮೀನುಗಳ ರೆಕ್ಕೆಯನ್ನೂ ಕಚ್ಚುತ್ತದೆ. ನದಿಯಿಂದ ಹಿಡಿದು ಮಾರುವ ವ್ಯಾಪಾರದಿಂದ ಅದರ ಸಂತತಿಗೇ ಅಪಾಯವಿರುವುದರಿಂದ ನಾನು ತರಲಿಲ್ಲ.

ಗಾಜಿನ ಮೇಲೆ ಬಾಣದಂತಹ ತಲೆ, ಎರಡು ಚುಕ್ಕೆಗಣ್ಣುಗಳಿರುವ ಬಿಳಿಯ ಚಪ್ಪಟೆಹುಳ ಜಾರುತ್ತಿದ್ದರೆ ಅದು ಪ್ಲಾನೇರಿಯಾ. ಸಿಗಡಿಗಳ ಮೇಲೆ ಎರಗುವುದರಿಂದ ಸಿಗಡಿ ಸಾಕುವವರು ಅದನ್ನು ಸುಮ್ಮನೆ ಬಿಡುವಂತಿಲ್ಲ. ಬೆರಳಿನಿಂದ ತುಂಡರಿಸಬಾರದು, ಒಂದೊಂದು ತುಂಡೂ ಮತ್ತೊಂದು ಹುಳವಾಗಿ ಬೆಳೆಯಬಲ್ಲದು. ಇದಕ್ಕೆ ಪೇಟೆಯಲ್ಲಿ ಸಿಗುವ ಮದ್ದುಗಳಲ್ಲಿ ಅಡಿಕೆಯ ಸಾರದಿಂದ ಮಾಡಿದ್ದೂ ಇದೆ. ಅಡಿಕೆಯ ಅರೆಕೋಲಿನ್ ಎಂಬ ವಸ್ತುವನ್ನು ಹಿಂದೆ ನಾಯಿಗಳ ಲಾಡಿಹುಳಕ್ಕೆ ಪಶುವೈದ್ಯರು ಬಳಸುತ್ತಿದ್ದರು. ಹಾಗೆಂದು ನಮ್ಮದೇ ಅಂಗಳದ ಅಡಿಕೆಯನ್ನು ಗುದ್ದಿ ಹಾಕುವುದು ಸರಿಯಲ್ಲ. ಯಾವ ಅಡಿಕೆಯಲ್ಲಿ ಎಷ್ಟು ಸತ್ವವಿದೆಯೆಂದು ಅಳೆಯಲು ನಮ್ಮಲ್ಲಿ ಸಾಧನವಿಲ್ಲ, ಅದರ ಒಗರು ನೀರನ್ನೂ ಕೆಡಿಸುತ್ತದೆ. ಗಾಜಿನಿಂದ ಕದಲಿ ನೀರಿನಲ್ಲಿ ನುಲಿಯುವ ಕೂದಲಿನಂತಹ ಬಿಳಿ ಹುಳಗಳಾದರೆ ಹೆದರಬೇಕಿಲ್ಲ, ಜಲ್ಲಿಯ ಕೊಳೆಯನ್ನು ಹೀರಿ ತೆಗೆದರೆ ಅವು ತಾವಾಗಿ ಕಡಿಮೆಯಾಗುತ್ತವೆ.

ಈಗ ಕೆರೆಯಿಂದ ತಂದ ಗಿಡವನ್ನು ನೇರವಾಗಿ ತೊಟ್ಟಿಗೆ ಹಾಕುವುದಿಲ್ಲ. ಬೇರೆ ಬಕೆಟ್ಟಿನಲ್ಲಿ ಮೂರು ವಾರ ಇಟ್ಟು, ಎರಡು ದಿನಕ್ಕೊಮ್ಮೆ ಎಲೆ ತಿರುಗಿಸಿ ಮೊಟ್ಟೆಯ ಮುದ್ದೆಗಳನ್ನು ಉಗುರಿನಿಂದ ಕೆರೆದು ತೆಗೆಯುತ್ತೇನೆ. ಕಳೆದ ಬಾರಿ ಆ ಬಕೆಟ್ಟಿನ ತಳದಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಯೊಂದು ಸಿಕ್ಕಿತು. ಮಡಚಿಟ್ಟ ಕೆಳದುಟಿಯನ್ನು ಚಾಚಿ ಮೀನನ್ನೇ ಹಿಡಿಯುವ ಜೀವಿಯದು. ಕೆರೆಯಿಂದಲೇ ಬಂದದ್ದಾದ್ದರಿಂದ ಅದನ್ನು ಅದೇ ಕೆರೆಗೆ ಬಿಟ್ಟು ಬಂದೆ.