ಅಡಿಕೆ ಅಂಗಳದಲ್ಲಿ ಕ್ರಿಸ್‌ಮಸ್ ರಜೆ

ಕರ್ನಾಟಕದವರಿಗೆ ದಸರಾ ರಜೆ ಹೇಗೋ, ಗಡಿಯಾಚೆ ಕಾಸರಗೋಡಿನಲ್ಲಿರುವ ನಮಗೆ ಕ್ರಿಸ್‌ಮಸ್ ರಜೆ ಹಾಗೆ. ನವರಾತ್ರಿಗೆ ಇಲ್ಲಿ ಸಿಗುವುದು ಒಂದೆರಡು ದಿನ. ಓಣಂಗೆ ಸುಮಾರು ಹತ್ತು ದಿನ, ಡಿಸೆಂಬರ್ ಕೊನೆಗೆ ಮತ್ತೆ ಹತ್ತು ದಿನ. ಆ ಹೊತ್ತಿಗೆ ಸರಿಯಾಗಿ ಧಾರವಾಡದಿಂದ ಅಕ್ಕನ ಫೋನ್ ಬರುತ್ತದೆ: "ಮೂರು ವರ್ಷದ್ದೊಂದು, ಐದು ವರ್ಷದ್ದೊಂದು. ಇಡೀ ದಿನ ಮನ್ಯಾಗ ಹ್ಯಾಂಗ ಸಂಭಾಳಸ್ತೀಯವಾ?" ಅವಳಿಗೂ ಅವಳಂಥ ಊರಿನ ಗೆಳತಿಯರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ಡಿಸೆಂಬರ್ ಅಂದರೆ ಕೊಯ್ಲಿನ ಕಾಲ, ಯಾರಿಗೂ ಪುರುಸೊತ್ತಿಲ್ಲ. ಮಕ್ಕಳ ಮುಂದೆ ಬಣ್ಣದ ಕಾಗದ, ಗೋಂದು ಹಿಡಿದು ಕೂರಲು ಇಲ್ಲಿ ಯಾರಿಗೂ ಆಗುವುದಿಲ್ಲ, ಅದರ ಅಗತ್ಯವೂ ನನಗೆ ಕಂಡಿಲ್ಲ. ಈ ವಯಸ್ಸಿನವರಿಗೆ ದೊಡ್ಡವರು ಮಾಡುವುದನ್ನೆಲ್ಲ ತಾವೂ ಮಾಡಬೇಕೆಂಬ ಹಂಬಲ. ಮನೆಗೆಲಸದಲ್ಲಿ ಅವರಿಗೊಂದು ನಿಜವಾದ ಪಾಲು ಕೊಟ್ಟರೆ ಅರ್ಧ ದಿನ ತಾನಾಗಿಯೇ ಕಳೆಯುತ್ತದೆ.

ಮಲೆನಾಡಿನಂತೆ ಬೇಯಿಸಿ ಕೆಂಪಡಿಕೆ ಮಾಡುವ ಪದ್ಧತಿ ಇಲ್ಲಿಲ್ಲ. ನಮ್ಮದು ಚಾಲಿ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಹರವಿ ನಲ್ವತ್ತು, ನಲ್ವತ್ತೈದು ದಿನ ಬಿಸಿಲಿಗೆ ಒಣಗಿಸಬೇಕು, ನಡುನಡುವೆ ಮಗುಚಬೇಕು. ಬೆಳಗಿನ ಇಬ್ಬನಿ ಆರಿದ ಮೇಲೆ ಇಬ್ಬರನ್ನೂ ಬರಿಗಾಲಲ್ಲಿ ಅಡಿಕೆಯ ಮೇಲೆ ಬಿಡುತ್ತೇವೆ. ಕಾಲು ಎಳೆದೆಳೆದು ನಡೆದರೆ ಅಡಿಕೆ ಹೊರಳಿ ಸಾಲು ಸಾಲು ಮೂಡುತ್ತದೆ, ಮಗಳಿಗೆ ಅದು ರೈಲು ಹಳಿ. ಮಗ ಬದಿಗೆ ಉರುಳಿದ್ದನ್ನು ಹೆಕ್ಕಿ ಬುಟ್ಟಿಗೆ ಹಾಕುತ್ತಾನೆ. ಹಳದಿ ಇನ್ನೂ ಮಾಸದ್ದು ಒಂದು ಕಡೆ, ಕಂದು ತಿರುಗಿದ್ದು ಇನ್ನೊಂದು ಕಡೆ ಎಂದು ಅವನ ಅಜ್ಜ ಹೇಳಿಕೊಟ್ಟಿದ್ದಾರೆ. ಬಣ್ಣ ಗುರುತಿಸಲು ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಸುಲಿಯುವ ಜಾಗಕ್ಕೆ ಮಾತ್ರ ಇಬ್ಬರಿಗೂ ಪ್ರವೇಶವಿಲ್ಲ. ಸುಲಿದ ಅಡಿಕೆ ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರದ್ದು, ಸುಲಿಯುವ ಕತ್ತಿಯೂ ಅಲ್ಲೇ ಇರುತ್ತದೆ.

ಉದುರಿದ ಅಡಿಕೆ ಹಾಳೆಯಂತೂ, ಅಂದರೆ ಸೋಗೆಯ ಬುಡದ ಅಗಲ ಪೊರೆಯಂತೂ, ಮಕ್ಕಳ ಆಸ್ತಿ. ಒಬ್ಬರು ಕೂತು, ಇನ್ನೊಬ್ಬರು ತುದಿ ಹಿಡಿದೆಳೆದರೆ ಅದೇ ಬಂಡಿ. ಪಕ್ಕದ ಮನೆಯ ಮಕ್ಕಳೂ ಬಂದು ಸೇರುತ್ತಾರೆ. ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲವೂ ಒಂದೇ ಹಾಳೆಯ ಮೇಲೆ ಕೂರುತ್ತವೆ. ಎಳೆಯ ಹಾಳೆಯ ತುಂಡನ್ನು ಮಾವ ದೋಣಿಯಂತೆ ಮಡಚಿಕೊಡುತ್ತಾರೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡಕ್ಕೆ ನೀರಿಗಾಗಿ ಅಡ್ಡವಾಗಿ ಕೊರೆದ ಸುರಂಗ ನಮ್ಮ ತೋಟದ ಮೇಲ್ಗಡೆ ಇದೆ. ಪಂಪು ಇಲ್ಲದೆ ನೀರು ತಾನೇ ಹರಿದು ಕಣಿಯಲ್ಲಿ (ಸಣ್ಣ ಕಾಲುವೆಯಲ್ಲಿ) ಬರುತ್ತದೆ. ಆ ಕಣಿಯಲ್ಲಿ ದೋಣಿ ಬಿಡುವುದು ಬೆಳಿಗ್ಗೆ ಹತ್ತು ಗಂಟೆ ಹೊತ್ತಿನ ಕೆಲಸ. ನೀರು ಕೊನೆಗೆ ಕೆರೆಗೆ ಸೇರುವುದರಿಂದ ಅಜ್ಜನ ಕೈ ಬಿಟ್ಟು ಒಂದು ಹೆಜ್ಜೆಯೂ ಇಡಬಾರದು ಎಂಬುದು ಮನೆಯ ಕಟ್ಟುನಿಟ್ಟು.

ಅಡುಗೆಮನೆಯಲ್ಲಿ ಪುಂಡಿ (ಅಕ್ಕಿ ತರಿಯ ಕಡುಬು) ಮಾಡುವ ದಿನ ನನಗೆ ತುಂಬಾ ಇಷ್ಟ. ಕಾಯಿತುರಿ ಹಾಕಿ ಮಗುಚಿದ ಅಕ್ಕಿ ತರಿ ಬೆಚ್ಚಗಾಗುವಷ್ಟು ಆರಿದ ಮೇಲೆ ಅತ್ತೆ ಇಬ್ಬರ ಮುಂದೂ ಒಂದೊಂದು ತಟ್ಟೆ ಇಡುತ್ತಾರೆ. ಅಂಗೈಗೆ ನೀರು ಸವರಿಕೊಂಡು ಉಂಡೆ ಕಟ್ಟಬೇಕು, ನಡುವೆ ಹೆಬ್ಬೆರಳಿಂದ ಒಂದು ಗುಳಿ ಒತ್ತಬೇಕು, ಒಳಗೂ ಚೆನ್ನಾಗಿ ಬೇಯಲಿ ಎಂದು. ಮಗನ ಉಂಡೆ ನೆಲ್ಲಿಕಾಯಿಯಷ್ಟು, ಗುಳಿ ಒತ್ತುವಾಗ ಒಡೆಯುತ್ತದೆ, ನಾಲಿಗೆ ಕಚ್ಚಿಕೊಂಡು ಮತ್ತೆ ಕಟ್ಟುತ್ತಾನೆ. ಅತ್ತೆ ಅದನ್ನು ತಿದ್ದದೆ ಹಾಗೇ ಹಬೆಗೆ ಇಡುತ್ತಾರೆ. ಬೆಂದ ಮೇಲೆ ತನ್ನದು ಯಾವುದೆಂದು ಅವನೇ ಗುರುತಿಸಿ ತಿನ್ನುತ್ತಾನೆ. ಊಟಕ್ಕೆ ಹಿಂದೆ ಬಿದ್ದು ಓಡಿಸುವ ಮಗು ಅವನು ಎಂದರೆ ಆ ಹೊತ್ತು ಯಾರೂ ನಂಬಲಾರರು.

ಹನ್ನೊಂದರ ಮೇಲೆ ಬಿಸಿಲು ಚುರುಕು. ಆಗ ಚೆನ್ನೆಮಣೆ, ಅಂದರೆ ಗುಳಿ ತೋಡಿದ ಆಟದ ಮಣೆ, ಹೊರಗೆ ಬರುತ್ತದೆ. ಹದಿನಾಲ್ಕು ಗುಳಿ, ಒಂದೊಂದರಲ್ಲಿ ನಾಲ್ಕು ಮಂಜಟ್ಟಿ ಕಾಯಿ, ಅಂದರೆ ಕೆಂಪು ಬೀಜ. ಇದು ಮಳೆಗಾಲದ ಆಟಿ ತಿಂಗಳ ಆಟ ಎಂದು ಅತ್ತೆ ಹೇಳುತ್ತಾರೆ, ಆದರೂ ಮೊಮ್ಮಗಳಿಗಾಗಿ ಡಿಸೆಂಬರಿನಲ್ಲೂ ಇಳಿಸಿಕೊಡುತ್ತಾರೆ. ಸೋಲು ಗೆಲುವಿನ ನಿಯಮ ಮಕ್ಕಳಿಗೆ ಬೇಡ. ಗುಳಿಗೊಂದು ಕಾಯಿ ಹಾಕುತ್ತ ಹೋದರೆ ಎಣಿಕೆ ಬೆರಳಿಗೇ ಅಂಟುತ್ತದೆ. ಮೂರು ವರ್ಷದವರು ಕಾಯಿಯನ್ನು ಮೂಗಿಗೂ ಬಾಯಿಗೂ ತುರುಕಿಕೊಳ್ಳುತ್ತಾರೆ, ಹಾಗಾಗಿ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಚಂದ ಕಾಣುತ್ತದೆಂದು ಗುಲಗಂಜಿಯನ್ನು ಮಾತ್ರ ಆಟಕ್ಕೆ ತರಬೇಡಿ, ಆ ಕಾಳು ವಿಷ.

ಮೊಬೈಲ್ ವಿಷಯಕ್ಕೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವಂತೆ ಮೂರು, ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಇನ್ನೂ ಕಡಿಮೆಯಾದರೆ ಒಳ್ಳೆಯದು. ಮೈ ಆಡಿಸುವ ಚಟುವಟಿಕೆ ಕನಿಷ್ಠ 180 ನಿಮಿಷ, ನಿದ್ದೆ 10ರಿಂದ 13 ಗಂಟೆ. ಅಂಗಳವಿರುವ ಮನೆಯಲ್ಲಿ ಆ ಮೂರು ಗಂಟೆ ಲೆಕ್ಕವಿಡದೆಯೇ ತುಂಬುತ್ತದೆ. ನಮ್ಮಲ್ಲಿ ಫೋನ್ ಕೈಗೆ ಬರುವುದು ಸಂಜೆ ಧಾರವಾಡದ ಅಜ್ಜಿಗೆ ವಿಡಿಯೊ ಕರೆ ಮಾಡುವಾಗ. ಫ್ಲ್ಯಾಟಿನಲ್ಲಿರುವ ಗೆಳತಿಯರಿಗೆ ಇದು ಕಷ್ಟ, ಗೊತ್ತು. ಆದರೂ ಬಟಾಣಿ ಸುಲಿಯುವುದು, ಕರವಸ್ತ್ರ ಹಿಂಡಿ ಒಣಹಾಕುವುದು, ಗಿಡಕ್ಕೆ ಚೊಂಬಿನಲ್ಲಿ ನೀರು ಹೊಯ್ಯುವುದು ಎಲ್ಲ ಮನೆಯಲ್ಲೂ ಇದೆ.

ನನಗೆ ಈ ರಜೆ ಇಷ್ಟು ಬೆಲೆಯದಾಗಲು ಇನ್ನೊಂದು ಕಾರಣ ಭಾಷೆ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ಇವೆ, ಆದರೆ ನಮ್ಮ ಮಕ್ಕಳು ಹೋಗುವ ನರ್ಸರಿಯಲ್ಲಿ ಹಾಡು, ಪದ್ಯವೆಲ್ಲ ಮಲಯಾಳ ಮತ್ತು ಇಂಗ್ಲಿಷ್. ಅದೂ ಬೇಕು, ಇದು ಅವರ ಊರು. ಆದರೆ ರಜೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಿವಿಗೆ ಬೀಳುವುದು ಮನೆಯ ಕನ್ನಡ. ನವೆಂಬರ್‌ನಿಂದಲೇ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗಿರುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ದೂರವೇನಲ್ಲ. ಹತ್ತಿರದಲ್ಲಿ ಬಯಲಾಟವಿದ್ದರೆ ಮೊದಲ ಒಂದು ಗಂಟೆ ಕರೆದೊಯ್ಯುತ್ತೇವೆ. ಮಾರನೆಯ ದಿನ ಹಾಳೆಯೇ ಕಿರೀಟ, ಬಿಸ್ಕತ್ತಿನ ಡಬ್ಬಿಯೇ ಚೆಂಡೆ. ಮಗಳು "ಎಲೆಲೇ ದುರುಳಾ!" ಎಂದು ತಮ್ಮನ ಮೇಲೆ ಏರಿ ಹೋಗುತ್ತಾಳೆ. ನಾನು ಎಷ್ಟು ಹೊತ್ತು ಕೂತು ಕಲಿಸಿದ್ದರೂ ಆ ಮಾತು ಅಷ್ಟು ಗಟ್ಟಿಯಾಗಿ ಬರುತ್ತಿರಲಿಲ್ಲ.

ಅಕ್ಕಾ, ಮಕ್ಕಳ ನಿದ್ದೆಯ ಬಗ್ಗೆ ನೀನು ಕೇಳಿದ್ದಕ್ಕೂ ಉತ್ತರ ಇಲ್ಲೇ ಬರೆದುಬಿಡುತ್ತೇನೆ: ಮಧ್ಯಾಹ್ನದ ನಿದ್ದೆ ತಪ್ಪಿಸಬೇಡ, ಸಂಜೆಯ ರಗಳೆಯೆಲ್ಲ ಅದರಿಂದಲೇ ಬರುವುದು. ಶಾಲೆ ತೆರೆಯುವ ಎರಡು ಮೂರು ದಿನ ಮೊದಲೇ ರಾತ್ರಿ ಊಟ ಬೇಗ ಮುಗಿಸಿ ಮಲಗಿಸಿಬಿಡು. ಜನವರಿಯ ಮೊದಲ ಬೆಳಿಗ್ಗೆ ಎಬ್ಬಿಸುವಾಗ ಅಳು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.