ಬಸವನಗುಡಿಯ ಕಲ್ಲುಬೆಂಚಿನ ಕೆಳಗೆ: ಒಂದು ಜಿಯೋಕ್ಯಾಶ್‌ನ ಎರಡು ತಿಂಗಳು

ಮೊದಲ ವಾರ

ಆರು ವರ್ಷಗಳಿಂದ ಬೇರೆಯವರು ಅಡಗಿಸಿಟ್ಟ ಡಬ್ಬಿಗಳನ್ನು ಹುಡುಕುತ್ತ ಬಂದಿದ್ದೇನೆ. ನನ್ನದೇ ಒಂದನ್ನು ಬೆಂಗಳೂರಿನಲ್ಲಿ ಇಡಬೇಕೆಂಬ ಆಸೆ ಹಳೆಯದು. ಈ ಸಲ ಮಳೆಗಾಲಕ್ಕೆ ಮುಂಚೆ ಮಾಡಿಯೇ ತೀರಬೇಕೆಂದು ಹೊರಟೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಡಬ್ಬಿ ಅಡಗಿಸಿ ಅದರ ಅಕ್ಷಾಂಶ ರೇಖಾಂಶಗಳನ್ನು ಜಿಯೋಕ್ಯಾಶಿಂಗ್ ತಾಣದಲ್ಲಿ ಹಾಕುತ್ತಾರೆ. ಹುಡುಕಿದವರು ಒಳಗಿನ ಕಾಗದದಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದ ಹಾಗೆಯೇ ಇಟ್ಟು ಬರುತ್ತಾರೆ. 2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಇದರಿಂದ ಹೆಚ್ಚಿದ ನಿಖರತೆಯನ್ನು ಪರೀಕ್ಷಿಸಲು ಮೇ 3ರಂದು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಉಲ್ಮರ್ ಒಂದು ಬಕೆಟ್ಟನ್ನು ಅರ್ಧ ಹೂತಿಟ್ಟರು. ಅದರಲ್ಲಿ ಒಂದು ಬೀನ್ಸ್ ಡಬ್ಬವೂ ಇತ್ತು. ಇಂದಿನ ನಿಯಮಗಳ ಪ್ರಕಾರ ನೆಲ ಅಗೆದು ಹೂಳುವಂತಿಲ್ಲ, ತಿನ್ನುವ ಪದಾರ್ಥ ಇಡುವಂತಿಲ್ಲ. ಆಟ ಹುಟ್ಟಿದ ಆ ಬಕೆಟ್ಟಿಗೇ ಈಗ ಒಪ್ಪಿಗೆ ಸಿಗುವುದಿಲ್ಲ. ಜನ ಹೆಚ್ಚಿದಂತೆ, ಡಬ್ಬಿಗಳು ಊರೊಳಗೆ ಬಂದಂತೆ, ಒಂದೊಂದು ಅನುಭವವೂ ಒಂದೊಂದು ನಿಯಮವಾಗಿದೆ.

ಎರಡನೇ ವಾರ: ಉದ್ಯಾನದ ಪ್ರಯತ್ನ ಕೈಬಿಟ್ಟೆ

ಮನೆಗೆ ಹತ್ತಿರದ ಉದ್ಯಾನದಲ್ಲಿ ಒಂದು ಹಳೆಯ ಮಳೆಮರವಿದೆ. ಬುಡದಲ್ಲಿ ಮುಷ್ಟಿ ಹಿಡಿಸುವಷ್ಟು ಪೊಟರೆ. ಜಾಗ ನೋಡಿಯೇ ಮನಸೋತಿದ್ದೆ. ಬೆಳಗ್ಗೆ ಆರೂವರೆಗೆ ಹೋಗಿ ಟಾರ್ಚ್ ಬಿಟ್ಟು ಒಳಗೆ ಇಣುಕುತ್ತಿದ್ದಾಗ ಕಾವಲುಗಾರರು ಹಿಂದೆ ಬಂದು ನಿಂತರು. ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಸುಲಭವಾಗಿ ಅರ್ಥವಾಗಲಿ ಎಂದು ನಾನು, "ನಿಧಿ ಹುಡುಕುವ ಆಟ" ಎಂದುಬಿಟ್ಟೆ.

ಅವರ ಮುಖದ ಚಹರೆಯೇ ಬದಲಾಯಿತು. ಅವರದು ತುಮಕೂರು ಕಡೆಯ ಹಳ್ಳಿ. ನಿಧಿಯ ಆಸೆಗೆ ಊರಾಚೆಯ ಗುಡಿಯ ಗರ್ಭಗುಡಿಯನ್ನೇ ಯಾರೋ ಅಗೆದು ಹೋಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ನಿಧಿ ಎಂಬ ಪದ ನಮ್ಮಲ್ಲಿ ಬರೀ ಕಥೆಯ ಪದವಲ್ಲ. ವೀರಗಲ್ಲುಗಳನ್ನು ಉರುಳಿಸಿದ, ಬಸವನ ಮೂರ್ತಿಗಳನ್ನು ಒಡೆದ ನಿಧಿಗಳ್ಳರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂಗ್ಲಿಷಿನಲ್ಲಿ ಮುಗ್ಧವಾಗಿ ಕೇಳಿಸುವ ವಿವರಣೆಯನ್ನು ಕನ್ನಡಕ್ಕೆ ತಂದು ಆ ಮನುಷ್ಯನ ಎದೆಯಲ್ಲಿ ಅನುಮಾನ ಬಿತ್ತಿದೆನಲ್ಲ ಎಂದು ಬಹಳ ಬೇಸರವಾಯಿತು. ಅಂದಿನಿಂದ ನಾನು "ಹೆಸರು ಬರೆಯುವ ಡಬ್ಬಿಯ ಆಟ" ಎನ್ನುತ್ತೇನೆ. ಕೇಳಿದವರು ಡಬ್ಬಿ ಎಲ್ಲಿ, ತೋರಿಸಿ ಎನ್ನುತ್ತಾರೆ. ತೋರಿಸುತ್ತೇನೆ.

ಉದ್ಯಾನವನ್ನು ಬಿಟ್ಟಿದ್ದಕ್ಕೆ ಇನ್ನೊಂದು ಕಾರಣ ಆ ಪೊಟರೆ. ಎರಡು ದಿನ ದೂರ ಕುಳಿತು ನೋಡಿದೆ. ಅಳಿಲೊಂದು ಒಳಗೆ ಹೋಗಿ ಬಂದು ಮಾಡುತ್ತಿತ್ತು. ಅದರ ಮನೆಯೊಳಗೆ ಜನರ ಕೈ ಹಾಕಿಸುವ ಹಕ್ಕು ನನಗಿಲ್ಲ.

ಮೂರನೇ ವಾರ

ಈ ವಾರ ನಕ್ಷೆಯ ಮುಂದೆಯೇ ಕಳೆಯಿತು. ಇನ್ನೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರವಿರಬೇಕು ಎಂಬುದು ಸುಲಭದ ಲೆಕ್ಕ. ಕಷ್ಟದ ಲೆಕ್ಕ ಬೇರೆ. ಶಾಲೆಯ ಗೋಡೆ ಬೇಡ, ಮಕ್ಕಳ ಬಳಿ ಅಪರಿಚಿತರು ಸುಳಿದಾಡಬಾರದು. ಪಾದಚಾರಿ ದಾರಿಯ ಟ್ರಾನ್ಸ್‌ಫಾರ್ಮರ್ ಬೇಡವೇ ಬೇಡ. ಕಾಂತ ಅಂಟಿಸಲು ಕಬ್ಬಿಣ ಸಿಕ್ಕಿತೆಂದು ಅಲ್ಲಿ ಡಬ್ಬಿ ಇಡುವುದು ಹುಡುಕುವವರ ಪ್ರಾಣದ ಜೊತೆ ಆಟ. ಮರಕ್ಕೆ ಮೊಳೆ ಹೊಡೆಯುವ ಮಾತಿಲ್ಲ. ಲಾಲ್‌ಬಾಗಿನ ಬಂಡೆಯ ಮೇಲಿನ ಕೆಂಪೇಗೌಡರ ಗೋಪುರ ಆಸೆ ಹುಟ್ಟಿಸಿತು, ನಿಜ. ಆದರೆ ಸುಮಾರು 300 ಕೋಟಿ ವರ್ಷಗಳ ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂಥ ಜಾಗಕ್ಕೆ ಡಬ್ಬಿಯೇ ಇಲ್ಲದ ಅರ್ತ್‌ಕ್ಯಾಶ್ ಎಂಬ ಬಗೆ ಇದೆ: ಬಂದವರು ಕಲ್ಲಿನ ಪದರಗಳನ್ನು ನೋಡಿ ಪ್ರಶ್ನೆಗಳಿಗೆ ಉತ್ತರ ಕಳುಹಿಸಬೇಕು, ಅಷ್ಟೇ. ನಗರದಲ್ಲಿ ಆ ಬಗೆ ಹೆಚ್ಚಬೇಕೆಂದು ನನ್ನ ಆಸೆ.

ಈ ಊರಿನ ನೆನಪುಗಳೂ ಲೆಕ್ಕಕ್ಕೆ ಬರಬೇಕು. 2008ರ ಜುಲೈನ ಸರಣಿ ಸ್ಫೋಟಗಳು, 2013ರಲ್ಲಿ ಮಲ್ಲೇಶ್ವರ, 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್‌ನ ಹೋಟೆಲಿನಲ್ಲಿ ಯಾರೋ ಬಿಟ್ಟುಹೋದ ಚೀಲ. ಇಲ್ಲಿ ವಾರಸುದಾರರಿಲ್ಲದ ಡಬ್ಬಿಯೊಂದನ್ನು ಕಂಡು ಗಾಬರಿಯಾಗುವವರು ಅತಿ ಮಾಡುತ್ತಿಲ್ಲ. ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ 2011ರಲ್ಲಿ ಕೆಫೆಯೊಂದರ ಬಳಿ ಇದ್ದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಸೇನೆಯ ಬಾಂಬ್ ನಿಷ್ಕ್ರಿಯ ದಳ ಬಂದು ಸಿಡಿಸಿತು. ಅದೊಂದು ಜಿಯೋಕ್ಯಾಶ್. ಬೀದಿಯನ್ನೇ ತೆರವು ಮಾಡಿಸಿದ ಆ ಡಬ್ಬಿಯನ್ನು ಇಟ್ಟವರಿಗೂ ಹುಡುಕಿದವರಿಗೂ ಕೆಟ್ಟ ಉದ್ದೇಶವೇನೂ ಇರಲಿಲ್ಲ.

ನಾಲ್ಕನೇ ವಾರ: ಜಾಗ ಸಿಕ್ಕಿತು

ಕಾಲೇಜಿನಲ್ಲಿ ನನಗೆ ಗಣಿತ ಹೇಳಿಕೊಟ್ಟ ಮೇಷ್ಟರ ಮನೆ ಬಸವನಗುಡಿಯಲ್ಲಿದೆ. ಕಾಂಪೌಂಡಿನ ಹೊರಗೋಡೆಗೆ ಸೇರಿದಂತೆ ಅವರ ತಂದೆಯವರು ಕಟ್ಟಿಸಿದ ಕಲ್ಲುಬೆಂಚು. ದಾರಿಹೋಕರು ಕುಳಿತು ದಣಿವಾರಿಸಿಕೊಳ್ಳಲಿ ಎಂದೇ ಕಟ್ಟಿಸಿದ್ದಂತೆ. ಚಪ್ಪಡಿಯ ಅಡಿಯಲ್ಲಿ, ಎಡಗಾಲಿನ ಒಳಬದಿಗೆ, ಗೇಣುದ್ದದ ಸಂದು ಇದೆ.

ಅಡಗಿಸುವ ಮುಂಚೆ ನಾನೇ ಹುಡುಕುವವನಾಗಿ ನೋಡಿದೆ. ನಗರದ ಜಿಯೋಕ್ಯಾಶ್‌ಗೆ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ. ಡಬ್ಬಿ ಎಷ್ಟು ಚೆನ್ನಾಗಿ ಅಡಗಿದೆ ಎನ್ನುವುದಲ್ಲ, ಅದನ್ನು ಹುಡುಕುವ ಮನುಷ್ಯ ಬೀದಿಯ ಕಣ್ಣಿಗೆ ಹೇಗೆ ಕಾಣುತ್ತಾನೆ ಎನ್ನುವುದು ಮುಖ್ಯ. ಮರಕ್ಕೆ ಆತುಕೊಂಡು ಇಣುಕಿದರೆ ಕಳ್ಳ, ಮೀಟರ್ ಪೆಟ್ಟಿಗೆ ತಡಕಿದರೆ ಕಿಡಿಗೇಡಿ. ಬೆಂಚಿನ ಮೇಲೆ ಕುಳಿತು ಕೈ ಕೆಳಗೆ ಬಿಟ್ಟರೆ? ಅರ್ಧ ಗಂಟೆ ಕುಳಿತೆ. ಮೂವರು ಹಾದುಹೋದರು, ಒಬ್ಬರೂ ತಿರುಗಿ ನೋಡಲಿಲ್ಲ. ನೋಡಿದ್ದು ಎದುರಿನ ಹೊಂಗೆಮರದಡಿ ಇಸ್ತ್ರಿ ಗಾಡಿ ಇಟ್ಟುಕೊಂಡವರು ಮಾತ್ರ.

ಮೇಷ್ಟರು ಒಂದೇ ಮಾತಿಗೆ ಒಪ್ಪಿದರು. ಅವರ ಒಪ್ಪಿಗೆ ನಿಯಮಕ್ಕೆ ಸಾಕು, ಬೀದಿಗೆ ಸಾಲದು. ಎರಡೂ ಪಕ್ಕದ ಮನೆಗಳಿಗೆ ಹೋಗಿ ಡಬ್ಬಿ ತೋರಿಸಿ ಬಂದೆ. ಇಸ್ತ್ರಿಯವರ ಬಳಿ ಹೆಚ್ಚು ಹೊತ್ತು ನಿಂತೆ. ಬೆಳಗಿನಿಂದ ಸಂಜೆಯವರೆಗೆ ಆ ಬೆಂಚನ್ನು ನೋಡುವವರು ಅವರೇ. ಮುಚ್ಚಳ ತಿರುಗಿಸಿ, ಸುರುಳಿ ಕಾಗದ ಎಳೆದು, ಖಾಲಿ ಸಾಲುಗಳನ್ನು ಬೆರಳಿನಿಂದ ಸವರಿ, "ಇಷ್ಟೇನಾ?" ಎಂದರು. ಇಷ್ಟೇ ಎಂದೆ.

ಐದನೇ ವಾರ: ಡಬ್ಬಿ, ಚೀಟಿ, ಅಳತೆ

ಡಬ್ಬಿ ಎಂದರೆ ಪೆಟ್ ಪ್ರಿಫಾರ್ಮ್, ಅಂದರೆ ಊದಿ ಸೋಡಾ ಬಾಟಲಿ ಮಾಡುವುದಕ್ಕೆ ಮುಂಚಿನ ದಪ್ಪ ಕೊಳವೆ. ಹೆಬ್ಬೆರಳಿಗಿಂತ ತುಸು ದಪ್ಪ, ತಿರುಗಿಸುವ ಮುಚ್ಚಳ, ನೀರು ಒಳಗೆ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಪಾರದರ್ಶಕ. ಕಪ್ಪು ಟೇಪು ಸುತ್ತಿದರೆ ಚೆನ್ನಾಗಿ ಅಡಗುತ್ತದೆ. ಆದರೆ ಆಕಸ್ಮಿಕವಾಗಿ ಕಂಡವರ ಎದೆ ಝಲ್ಲೆನ್ನುತ್ತದೆ. ಒಳಗಿರುವುದು ಕಾಗದ ಎಂದು ಮುಟ್ಟದೆಯೇ ಗೊತ್ತಾಗಬೇಕು.

ಡಬ್ಬಿಯ ಹೊರಗೆ ಅಂಟಿಸುವ ಚೀಟಿಯನ್ನು ಮೂರು ಸಲ ಬರೆದೆ. ಮೊದಲ ಕರಡಿನಲ್ಲಿ "ಇದರಿಂದ ಅಪಾಯವಿಲ್ಲ" ಎಂದಿತ್ತು. ಮೇಷ್ಟರ ಮಗಳು ಓದಿ, ಅಪಾಯ ಎಂಬ ಪದ ಕಂಡ ಮೇಲೆ ಉಳಿದದ್ದನ್ನು ಯಾರು ಓದುತ್ತಾರೆ ಎಂದರು. ಈಗ ಇರುವುದು: "ಜಿಯೋಕ್ಯಾಶಿಂಗ್ ಆಟದ ಡಬ್ಬಿ. ಒಳಗೆ ಹೆಸರು ಬರೆಯುವ ಕಾಗದವಿದೆ. ಮನೆಯವರ ಒಪ್ಪಿಗೆಯಿಂದ ಇಡಲಾಗಿದೆ." ಕೆಳಗೆ ಅದೇ ಮಾತು ಇಂಗ್ಲಿಷಿನಲ್ಲಿ, ನನ್ನ ಮೊಬೈಲ್ ಸಂಖ್ಯೆ.

ಅಳತೆಗೆ ಮೂರು ಬೇರೆ ಬೇರೆ ದಿನ ಹೋದೆ. ಮರಗಳ ನೆರಳು, ಎದುರು ನಾಲ್ಕು ಮಹಡಿಯ ಕಟ್ಟಡ. ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಫೋನು ಒಂದೊಂದು ದಿನ ಒಂದೊಂದು ಮಾತು ಹೇಳಿತು. ಮೊದಲ ದಿನದ ಅಂಕಿ ಪಕ್ಕದ ಮನೆಯ ಗೇಟಿನ ಒಳಗೆ ಬಿದ್ದಿತ್ತು! ಅಕ್ಷಾಂಶದ ಮಿನಿಟಿನ ಮೂರನೇ ದಶಮಾಂಶ ಒಂದು ಹೆಚ್ಚುಕಡಿಮೆಯಾದರೆ ನೆಲದ ಮೇಲೆ 1.85 ಮೀಟರ್. ಕಾಡಿನಲ್ಲಿ ಐದು ಮೀಟರ್ ತಪ್ಪಿದರೆ ಇನ್ನೊಂದು ಪೊದೆ. ಇಲ್ಲಿ ಇನ್ನೊಬ್ಬರ ಹೂಕುಂಡ. ಸರಾಸರಿ ತೆಗೆದರೂ ನೆಮ್ಮದಿಯಾಗದೆ, "ಕುಳಿತವರಿಗೆ ಸಿಗುತ್ತದೆ, ಗೇಟು ತೆರೆಯುವ ಅಗತ್ಯವಿಲ್ಲ" ಎಂದು ಸುಳಿವನ್ನು ನೇರವಾಗಿಯೇ ಬರೆದೆ. ಕತ್ತಲಾದ ಮೇಲೆ ಬರಬೇಡಿ, ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ ಎಂದೂ ಸೇರಿಸಿದೆ.

ಏಳನೇ ವಾರ

ತಾಣದ ಪರಿಶೀಲಕರು ಒಪ್ಪಿ ಪ್ರಕಟಿಸಿದರು. ಎರಡನೇ ದಿನ ಮೊದಲ ಸಹಿ, ಈವರೆಗೆ ಐದು. ಮೊದಲ ಜೋರು ಮಳೆಯ ಮರುದಿನ ಹೋಗಿ ನೋಡಿದೆ: ಕಾಗದ ಒಣಗಿಯೇ ಇತ್ತು, ಚೀಟಿಯ ಶಾಯಿ ಮಾತ್ರ ಕದಡಿತ್ತು. ಮೇಲೆ ಪಾರದರ್ಶಕ ಟೇಪು ಹಾಕಿ ಸರಿಮಾಡಿದೆ.

ಎಂಟನೇ ವಾರ

ನಿನ್ನೆ ಬೆಳಗ್ಗೆ ಇಸ್ತ್ರಿಯವರಿಂದ ಕರೆ ಬಂತು. ಕೇಬಲ್ ಹಾಕಲು ಪಾದಚಾರಿ ದಾರಿ ಅಗೆಯುತ್ತಿದ್ದಾರೆ, ನಿಮ್ಮ ಡಬ್ಬಿ ತೆಗೆದುಕೊಂಡು ಹೋಗಿ ಎಂದರು. ಕಚೇರಿಗೆ ಹೋಗುವ ಮುಂಚೆ ಓಡಿದೆ. ಅಷ್ಟರಲ್ಲಿ ಅವರೇ ತೆಗೆದು, ಮಡಿಸಿದ ಅಂಗಿಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ತಾಣದಲ್ಲಿ ಜಿಯೋಕ್ಯಾಶ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಯಾರೂ ಬರಬೇಡಿ ಎಂದು ಬರೆದಿದ್ದೇನೆ. ಡಬ್ಬಿ ಈಗ ನನ್ನ ಮೇಜಿನ ಮೇಲಿದೆ. ಗುಂಡಿ ಮುಚ್ಚಿದ ದಿನ ಹೇಳುತ್ತೇನೆ ಎಂದಿದ್ದಾರೆ.