ಅಬ್ಬಿ ಬಂಡೆಯ ಬಸವನಹುಳು: ಜೂನ್‌ನಿಂದ ಅಕ್ಟೋಬರ್‌ವರೆಗೆ

ನಮ್ಮ ತೋಟದ ಮೇಲುಗಡೆ, ಆಗುಂಬೆ ಕಡೆಯ ಗುಡ್ಡದಿಂದ ಇಳಿಯುವ ಹಳ್ಳದಲ್ಲಿ ಒಂದು ಸಣ್ಣ ಅಬ್ಬಿ ಇದೆ. ಎರಡಾಳೆತ್ತರ ಇರಬಹುದು. ಅದರ ಪಕ್ಕದ ಒದ್ದೆ ಬಂಡೆಯಲ್ಲಿ ಕಡಲೆಬೇಳೆ ಗಾತ್ರದ ಬಸವನಹುಳುಗಳಿವೆ. ಅವಕ್ಕೆ ಸರಿಯಾದ ಹೆಸರು ಹುಡುಕುವುದು ಈ ವರ್ಷ ನಾನು ಹಿಡಿದಿರುವ ಕೆಲಸ.

ಜೂನ್ ಕೊನೆ, ಆರಿದ್ರಾ ಮಳೆ

ಮೊದಲು ಇವು ಮರಿಗಳು ಅಂದುಕೊಂಡೆ. ಅಡಿಕೆ ಮರದ ಬುಡದಲ್ಲಿ, ದರಗಿನ ನಡುವೆ ಸಿಗುವ ದೊಡ್ಡ ಹುಳುಗಳ ಮರಿ ಇರಬೇಕು ಎಂದು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸ್ ಹಿಡಿದಾಗ ಆ ಲೆಕ್ಕ ತಪ್ಪಿತು. ತೋಟದ ಹುಳುವಿಗೆ ಎರಡು ಜೊತೆ ಕೊಂಬು, ಮೇಲಿನ ಜೊತೆಯ ತುದಿಯಲ್ಲಿ ಕಣ್ಣು. ಇದಕ್ಕೆ ಒಂದೇ ಜೊತೆ ಕೊಂಬು. ಕಣ್ಣು ಕೊಂಬಿನ ಬುಡದಲ್ಲಿ, ಕರಿ ಸಾಸಿವೆ ಚುಕ್ಕಿಯ ಹಾಗೆ.

ಒಂದನ್ನು ಬೆರಳಿಂದ ಮೆಲ್ಲಗೆ ಮುಟ್ಟಿದೆ. ಒಳಗೆ ಹೋಗಿ ಬಾಯಿ ಮುಚ್ಚಿಕೊಂಡಿತು. ಜೊತೆಗೆ ಬಂದಿದ್ದ ತಂಗಿಯ ಮಗಳು, "ಮಾವ, ಇದಕ್ಕೆ ಬಾಗ್ಲು ಇದ್ಯಲ್ಲ!" ಅಂದಳು. ಹೌದು, ಆ ಮುಚ್ಚಳವೇ ಮುಖ್ಯ ಗುರುತು. ಆದರೆ ನಮ್ಮ ಕಾಡಿನ ನೆಲದಲ್ಲೂ ಮುಚ್ಚಳವಿರುವ ಬಸವನಹುಳುಗಳಿವೆ. ಸೈಕ್ಲೋಫೋರಸ್ ಗುಂಪಿನವು. ಅವುಗಳ ಮುಚ್ಚಳ ದುಂಡಗೆ, ಚಕ್ಕುಲಿಯ ಹಾಗೆ ತುಂಬಾ ಸುತ್ತು ಇರುತ್ತದೆ. ನಮ್ಮ ಬಂಡೆಯದ್ದರ ಮುಚ್ಚಳ ಒಂದು ಕಡೆ ಚೂಪಾದ ಮೊಟ್ಟೆಯ ಆಕಾರ, ಸುತ್ತು ಕೆಲವೇ ಕೆಲವು. ಅಲ್ಲಿಗೆ ಅದೂ ಅಲ್ಲ.

ಜುಲೈ, ಪುಷ್ಯ ಮಳೆ

ಅಬ್ಬಿ ಹತ್ತಿರ ಹೋಗಲು ಆಗಲಿಲ್ಲ. ಹಳ್ಳ ತುಂಬಿ ಹರಿಯುತ್ತಿತ್ತು, ದಾರಿಯುದ್ದಕ್ಕೂ ಉಂಬಳ. ಮನೆಯಲ್ಲೇ ಕೂತು ಓದಿದೆ. ಈ ಓದು ನನ್ನನ್ನು ನಿಜಕ್ಕೂ ಬೆರಗುಗೊಳಿಸಿತು.

ನಮ್ಮ ಬಂಡೆಯ ಹುಳುವಿನದು ಕ್ರೆಮ್ನೊಕಾಂಕಸ್ ಎಂಬ ಕುಲ, ಅಂದರೆ ಹತ್ತಿರದ ಜಾತಿಗಳ ಗುಂಪು. ಸೇರಿರುವುದು ಲಿಟೋರಿನಿಡೇ ಕುಟುಂಬಕ್ಕೆ. ಆ ಕುಟುಂಬದ ಉಳಿದ ನೆಂಟರೆಲ್ಲ ಇರುವುದು ಸಮುದ್ರದ ಅಂಚಿನಲ್ಲಿ, ಅಲೆ ಬಡಿಯುವ ಬಂಡೆಗಳಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮೇಲೆ. ಸಿಹಿನೀರಿಗೆ ಬಂದು ನೆಲೆಸಿದ ಕುಲ ಇದೊಂದೇ, ಅದೂ ಪಶ್ಚಿಮ ಘಟ್ಟದಲ್ಲಿ ಮಾತ್ರ. ಕಡಲ ಕುಟುಂಬದ ಹುಳು ನಮ್ಮ ಘಟ್ಟದ ತುದಿಯಲ್ಲಿ ಪಾಚಿ ಕೆರೆದು ತಿನ್ನುತ್ತಾ ಕೂತಿದೆ ಅಂದರೆ ನೀವೇ ಯೋಚಿಸಿ.

ಬ್ಲಾನ್‌ಫೋರ್ಡ್ ಎಂಬ ವಿಜ್ಞಾನಿ ಈ ಕುಲಕ್ಕೆ ಹೆಸರಿಟ್ಟದ್ದು 1869ರಲ್ಲಿ. ಆಗ ಗೊತ್ತಿದ್ದವು ಮಹಾರಾಷ್ಟ್ರದ ಕಡೆಯವು. 2013ರಲ್ಲಿ ಡೇವಿಡ್ ರೀಡ್, ಎನ್. ಎ. ಅರವಿಂದ, ಎನ್. ಎ. ಮಧ್ಯಸ್ಥ ಮೂವರೂ ಸೇರಿ ಆರು ಹೊಸ ಜಾತಿಗಳನ್ನು ವಿವರಿಸಿದರು. ಒಟ್ಟು ಒಂಬತ್ತಾಯಿತು. ಹೊಸತರಲ್ಲಿ ಒಂದರ ಹೆಸರು ಆಗುಂಬೆನ್ಸಿಸ್. ನಮ್ಮೂರ ಹೆಸರು! ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಆಗಸ್ಟ್, ಸೆಪ್ಟೆಂಬರ್

ಆಗುಂಬೆ ಹತ್ತಿರ ಸಿಕ್ಕಿತು, ಹಾಗಾಗಿ ಇದು ಆಗುಂಬೆನ್ಸಿಸ್ ಎಂದು ಬರೆದುಬಿಡುವ ಆಸೆ ಜಾಸ್ತಿ ಇತ್ತು. ಬರೆಯಲಿಲ್ಲ. ಕಾರಣ ಹೇಳುತ್ತೇನೆ.

ಬಂಡೆಯ ಮೇಲೆ 43 ಹುಳುಗಳನ್ನು ಕ್ಯಾಲಿಪರ್‌ನಲ್ಲಿ ಅಳೆದೆ. ಒಂದೊಂದನ್ನೂ ಅಳೆದು ಅಲ್ಲೇ ಬಿಟ್ಟೆ. ಎತ್ತರ 4.1 ಮಿಲಿಮೀಟರ್‌ನಿಂದ 6.8ರವರೆಗೆ. 31 ಹುಳು ಪೂರ್ತಿ ಕಂದು, 12ಕ್ಕೆ ಕಪ್ಪು ಪಟ್ಟೆ. ಎರಡು ಜಾತಿಯೇ? ಒಂದೇ ಜಾತಿಯ ಎರಡು ಅಂಗಿಯೇ? ಇದೇ ಕುಟುಂಬದ ಲಿಟೋರಿನಾ ಸ್ಯಾಕ್ಸಾಟಿಲಿಸ್ ಎಂಬ ಅಟ್ಲಾಂಟಿಕ್ ತೀರದ ಹುಳುವಿನ ಕತೆ ಕೇಳಿ. ಚಿಪ್ಪಿನ ಬಣ್ಣ, ಆಕಾರ ಒಂದೊಂದು ಕಡೆ ಒಂದೊಂದು ಥರ. ಅದನ್ನು ನೋಡಿ ಬೇರೆ ಬೇರೆಯವರು ನೂರಕ್ಕೂ ಹೆಚ್ಚು ಸಲ "ಹೊಸದು" ಎಂದು ಹೆಸರಿಟ್ಟಿದ್ದಾರೆ. ಚಿಪ್ಪನ್ನಷ್ಟೇ ನಂಬಿದರೆ ಹೀಗಾಗುತ್ತದೆ.

2013ರ ಕೆಲಸದಲ್ಲಿ ಚಿಪ್ಪಿನ ಜೊತೆ ಮುಚ್ಚಳ, ರಾಡ್ಯುಲಾ, ಸಂತಾನದ ಅಂಗಗಳು, ಡಿಎನ್‌ಎ ಎಲ್ಲವನ್ನೂ ನೋಡಿದ್ದಾರೆ. ರಾಡ್ಯುಲಾ ಅಂದರೆ ಸಾಲು ಸಾಲು ಹಲ್ಲಿರುವ ನಾಲಿಗೆಯ ಪಟ್ಟಿ. ಅದರ ಹಲ್ಲು ನೋಡಲು ನನ್ನ ಲೆನ್ಸ್ ಸಾಲದು. ಆದರೆ ಅದು ಕೆರೆದ ಗುರುತು ಬಂಡೆಯ ಪಾಚಿಯಲ್ಲಿ ಅಂಕುಡೊಂಕಾಗಿ ಕಾಣುತ್ತದೆ. ಅದರ ಫೋಟೋ ಚೆನ್ನಾಗಿ ಬಂದಿದೆ.

ಹಾಗಾಗಿ ನನ್ನ ಪುಸ್ತಕದಲ್ಲಿ ಈಗ ಇರುವುದು "ಕ್ರೆಮ್ನೊಕಾಂಕಸ್, ಜಾತಿ ಬಾಕಿ" ಎಂದು ಮಾತ್ರ. ಕುಲದವರೆಗೆ ಗಟ್ಟಿಯಾಗಿ ಹೇಳಬಲ್ಲೆ. ಮುಂದಿನದನ್ನು ಬಲ್ಲವರು ಅಂಗಾಂಗ ನೋಡಿ ಹೇಳಬೇಕು. ಫೋಟೋ, ಅಳತೆ, ಜಾಗದ ಎತ್ತರ ಎಲ್ಲ ಸೇರಿಸಿ ಅಂಥವರೊಬ್ಬರಿಗೆ ಕಳಿಸಲು ಸಿದ್ಧ ಮಾಡುತ್ತಿದ್ದೇನೆ.

ಅಕ್ಟೋಬರ್

ಅಬ್ಬಿ ಸಣ್ಣಗಾಗುತ್ತಿದೆ. ನೀರು ಇಳಿದಾಗ ಇವು ಎಲ್ಲಿಗೆ ಹೋಗುತ್ತವೆ ಎಂದು ನೋಡಲು 30 ಹುಳುಗಳ ಚಿಪ್ಪಿಗೆ ಉಗುರು ಬಣ್ಣದ ಚುಕ್ಕಿ ಇಟ್ಟೆ. ಮೊದಲ ದಿನದ್ದು ನಿಲ್ಲಲಿಲ್ಲ, ಒದ್ದೆ ಚಿಪ್ಪಿನಿಂದ ಎದ್ದು ಬಂತು. ಎರಡನೇ ಸಲ ಹತ್ತಿ ಬಟ್ಟೆಯಲ್ಲಿ ಒರೆಸಿ, ಊದಿ ಒಣಗಿಸಿ ಇಟ್ಟೆ. ಅದು ನಿಂತಿದೆ.

ಹೋದ ಭಾನುವಾರ ಚುಕ್ಕಿಯವು 11 ಸಿಕ್ಕವು. ಒಂಬತ್ತು ಒಂದೇ ಬಿರುಕಿನಲ್ಲಿ, ಬೆರಳು ಹೋಗದಷ್ಟು ಒಳಗೆ, ಮುಚ್ಚಳ ಹಾಕಿಕೊಂಡು ಒಂದಕ್ಕೊಂದು ಅಂಟಿ ಕೂತಿದ್ದವು. ಉಳಿದ ಎರಡು ಇನ್ನೂ ನೀರು ಒಸರುವ ಜಾಗದಲ್ಲಿ ಮೇಯುತ್ತಿದ್ದವು.